ಹಡಗಿನ ಮೊದಲ ಹೆಸರನ್ನೂ ಅಚ್ಚು ಹಾಕಿ

ಮಾನ್ಯ ಸಂಪಾದಕರೇ,

ಗುಜರಾತಿನ ಅಲಂಗ್ ಕಡಲತೀರಕ್ಕೆ ಒಡೆಯಲು ತಂದ ಪ್ರವಾಸಿ ಹಡಗುಗಳ ಸುದ್ದಿ ಪತ್ರಿಕೆಗಳ ಒಳಪುಟಗಳಲ್ಲಿ ಆಗಾಗ ನಾಲ್ಕೈದು ಸಾಲಿನಲ್ಲಿ ಬರುತ್ತದೆ. ಕೊನೆಯ ಹೆಸರು, ಉದ್ದ, ಎಷ್ಟು ಮಂದಿ ಹಿಡಿಸುತ್ತಿದ್ದರು ಎಂಬಲ್ಲಿಗೆ ಸುದ್ದಿ ಮುಗಿಯುತ್ತದೆ. 2021ರಲ್ಲಿ ಅಲ್ಲಿಗೆ ಬಂದ ‘ಆಲ್ಬಟ್ರೋಸ್’ ಹಡಗನ್ನೇ ನೋಡಿ. ಅದು 1973ರಲ್ಲಿ ಹೆಲ್ಸಿಂಕಿಯಲ್ಲಿ ಕಟ್ಟಿದ ‘ರಾಯಲ್ ವೈಕಿಂಗ್ ಸೀ’. ಆ ಹೆಸರನ್ನಷ್ಟೇ ಓದಿದವರಿಗೆ ಇದು ಗೊತ್ತಾಗುವ ದಾರಿಯಿಲ್ಲ, ಅವರು ಅದೇ ಹಡಗಿನಲ್ಲಿ ಪಯಣಿಸಿದ್ದರೂ ದುಡಿದಿದ್ದರೂ ಸರಿಯೇ. ಆ ಹಡಗನ್ನು ಮೊದಲು ಓಡಿಸಿದ, ಈಗ ಮುಚ್ಚಿಹೋದ ಹಡಗು ಕಂಪನಿ ರಾಯಲ್ ವೈಕಿಂಗ್ ಲೈನ್ ಬಗ್ಗೆ ಅಕ್ಕರೆ ಉಳ್ಳವರೆಲ್ಲರ ಪರವಾಗಿ ಈ ಪತ್ರ.

ಆ ಲೈನಿನ ನೆನಪುಗಳಲ್ಲಿ ಹೆಚ್ಚಾಗಿ ಕೇಳಿಬರುವುದು ಕ್ಯಾವಿಯರ್, ಬೆಳ್ಳಿ ಚಮಚ, ಕ್ಯಾಪ್ಟನ್ ಪಕ್ಕ ನಿಂತು ತೆಗೆಸಿಕೊಂಡ ಫೋಟೊ. ಅವೆಲ್ಲ ಇದ್ದದ್ದು ನಿಜ. ಆದರೆ ದುಬಾರಿ ತಿನಿಸು ಅಂದೂ ಬೇರೆ ಹಡಗುಗಳಲ್ಲಿ ಸಿಗುತ್ತಿತ್ತು, ಇಂದೂ ಸಿಗುತ್ತದೆ. ಆ ಹಡಗುಗಳನ್ನು ಬೇರೆಯಾಗಿಸಿದ್ದು ನಕ್ಷೆ ಬರೆಯುವಾಗಲೇ ಹಾಕಿದ ಒಂದು ಲೆಕ್ಕ. ಅದನ್ನು ಯಾರೂ ಬರೆದಿಡುತ್ತಿಲ್ಲ ಎಂಬುದು ನಮ್ಮ ಕೊರಗು.

ಮೊದಲು ಚುಟುಕಾಗಿ ಚರಿತ್ರೆ. ಬರ್ಗನ್, ಟ್ರೊಂಡ್‌ಹೈಮ್, ಓಸ್ಲೊ ನಗರಗಳ ಮೂರು ನಾರ್ವೇಜಿಯನ್ ಹಡಗು ಕಂಪನಿಗಳು ತಲಾ ಒಂದು ಹಡಗು ಕಟ್ಟಿಸಿ, ಮೂರನ್ನೂ ಒಂದೇ ಹೆಸರಿನಡಿ ಓಡಿಸಲು ಒಪ್ಪಿಕೊಂಡವು. ವ್ಯಾಪಾರದ ಕಚೇರಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ, ಅದರ ಮುಖ್ಯಸ್ಥ ವಾರನ್ ಟೈಟಸ್. ಹೆಲ್ಸಿಂಕಿಯ ವಾರ್ಟ್ಸಿಲಾ ಯಾರ್ಡ್‌ನಿಂದ 1972ರಲ್ಲಿ ‘ರಾಯಲ್ ವೈಕಿಂಗ್ ಸ್ಟಾರ್’ ಬಂತು, ಮರುವರ್ಷ ‘ಸ್ಕೈ’ ಮತ್ತು ‘ಸೀ’ ಬಂದವು. ಉದ್ದ ಸುಮಾರು 178 ಮೀಟರ್, ಅಗಲ 25 ಮೀಟರ್, ಟನ್ನೇಜ್ 22 ಸಾವಿರದ ಹತ್ತಿರ, ಪ್ರಯಾಣಿಕರು 550ರ ಆಸುಪಾಸು. ನಾಲ್ಕು ಸುಲ್ಜರ್ ಡೀಸೆಲ್ ಎಂಜಿನ್, ಎರಡು ಪ್ರೊಪೆಲ್ಲರ್, 21 ನಾಟ್ (ಗಂಟೆಗೆ 21 ನಾಟಿಕಲ್ ಮೈಲಿ) ವೇಗ. ಅಂದರೆ ದಿನಕ್ಕೆ 500 ನಾಟಿಕಲ್ ಮೈಲಿ ಕ್ರಮಿಸುವ ತಾಕತ್ತು. ನಾರ್ತ್ ಕೇಪ್, ಪನಾಮಾ ಕಾಲುವೆ, ದಕ್ಷಿಣ ಪೆಸಿಫಿಕ್, ವಿಶ್ವಪರ್ಯಟನೆ ಎಂದು ದೂರದ ದಾರಿಗಳನ್ನೇ ಹಿಡಿಯಲು ಸಾಧ್ಯವಾದದ್ದು ಆ ವೇಗದಿಂದ.

ಈಗ ಲೆಕ್ಕಕ್ಕೆ ಬರೋಣ. ಊಟದ ಕೋಣೆಯಲ್ಲಿ ಹಡಗಿನ ಪ್ರತಿಯೊಬ್ಬ ಪ್ರಯಾಣಿಕನಿಗೂ ಒಂದು ಕುರ್ಚಿ ಇತ್ತು, ಎಲ್ಲರೂ ಒಂದೇ ಪಂಕ್ತಿಯಲ್ಲಿ ಉಣ್ಣಬಹುದಿತ್ತು. ಕೇಳಲು ಸಣ್ಣ ಸಂಗತಿ, ಕಟ್ಟುವವರಿಗೆ ದೊಡ್ಡ ಖರ್ಚು. ಒಬ್ಬರಿಗೆ ಒಂದೂವರೆ ಚದರ ಮೀಟರ್ ಎಂದು ಹಿಡಿದರೂ 550 ಮಂದಿಗೆ 825 ಚದರ ಮೀಟರ್ ಬೇಕು. ಎರಡು ಪಂಕ್ತಿ ಮಾಡಿದರೆ ಅದರ ಅರ್ಧ ಸಾಕು, ಉಳಿದ ಜಾಗದಲ್ಲಿ ಓಣಿ ಬಿಟ್ಟೂ ಇಪ್ಪತ್ತರಷ್ಟು ಕ್ಯಾಬಿನ್ ಮಾರಬಹುದು. ಆ ಕಾಲದ ಬಹುತೇಕ ಲೈನುಗಳು ಹಾಗೆಯೇ ಮಾಡಿದವು.

ಎರಡು ಪಂಕ್ತಿಯ ತೊಂದರೆ ಊಟದ ಕೋಣೆಗಷ್ಟೇ ನಿಲ್ಲುವುದಿಲ್ಲ. ಮೊದಲನೆಯದು ಸಂಜೆ ಆರೂವರೆಗೆ, ಎರಡನೆಯದು ಎಂಟೂವರೆಗೆ ಎಂದಿಟ್ಟುಕೊಳ್ಳಿ. ಎಂಟು ದಾಟುವುದರೊಳಗೆ ಮೊದಲ ಪಂಕ್ತಿ ಎದ್ದೇಳಲೇಬೇಕು, ಏಕೆಂದರೆ ಮೇಜುಬಟ್ಟೆ ಬದಲಿಸಿ, ಗಾಜು ಜೋಡಿಸಿ, ಮತ್ತೆ ಬಾಗಿಲು ತೆರೆಯಲು ಸಿಗುವುದು ಅರ್ಧ ಗಂಟೆ. ಕಾಫಿ ಕುಡಿಯುತ್ತಾ ಕೂತವರ ಹಿಂದೆ ಸ್ಟೂವರ್ಡ್ ಬಂದು ನಿಲ್ಲುವುದು ಇದೇ ಕಾರಣಕ್ಕೆ. ಅದರ ಬೆನ್ನಿಗೇ ಸಂಗೀತ ಕಛೇರಿಯನ್ನೂ ಎರಡು ಬಾರಿ ನಡೆಸಬೇಕು, ಪ್ರವಾಸದ ಬಸ್ಸು ಯಾವ ಪಂಕ್ತಿಯವರಿಗೆ ತಡವಾಗುತ್ತದೆ ಎಂದು ನೋಡಬೇಕು. ಕೊನೆಗೆ ಇಡೀ ಹಡಗು ಎರಡು ಪಾಳಿಯಾಗಿ ಸೀಳಿಹೋಗುತ್ತದೆ, ಒಂದೇ ಹಡಗಿನಲ್ಲಿ ವಾರಗಟ್ಟಲೆ ಇದ್ದವರು ಒಬ್ಬರ ಮುಖ ಇನ್ನೊಬ್ಬರು ನೋಡದೆ ಇಳಿಯುತ್ತಾರೆ. ಒಂದೇ ಪಂಕ್ತಿ ಇದ್ದಲ್ಲಿ ಜನ ಎರಡು ಗಂಟೆಯ ಅವಧಿಯಲ್ಲಿ ತಮಗೆ ಬೇಕಾದಾಗ ಬಂದು ತಮ್ಮದೇ ಮೇಜಿಗೆ ಕೂರುತ್ತಾರೆ. ಅಡುಗೆಮನೆಗೆ ಚೀಟಿಗಳು ಬಿಡಿಬಿಡಿಯಾಗಿ ಬರುವುದರಿಂದ ಮೀನನ್ನು ಕೇಳಿದ ಮೇಲೆ ಬೇಯಿಸಲು ಆಗುತ್ತದೆ. ಇದು ಕೈಕೊಡುವುದು ಔತಣದ ರಾತ್ರಿಗಳಲ್ಲಿ. ಕ್ಯಾಪ್ಟನ್ ಸ್ವಾಗತಕೂಟ ಮುಗಿದ ಕೂಡಲೇ ಎಲ್ಲರೂ ಒಟ್ಟಿಗೆ ನುಗ್ಗಿದರೆ ಐನೂರು ಚೀಟಿ ಒಂದೇ ಸಲ ಬೀಳುತ್ತವೆ, ಒಲೆ ಸಾಲುವುದಿಲ್ಲ. ಆ ರಾತ್ರಿಗಳಲ್ಲಿ ಮೊದಲ ಎರಡು ಬಗೆಯನ್ನು ತಣ್ಣನೆಯ ತಿನಿಸಾಗಿ ಇಡುವುದು ಅನುಭವಸ್ಥ ಬಾಣಸಿಗರ ಜಾಣತನ. ಸಮುದ್ರ ಒರಟಾಗಿದ್ದರೆ ಮೇಜುಬಟ್ಟೆಗೆ ನೀರು ಚಿಮುಕಿಸುತ್ತಾರೆ. ಒದ್ದೆ ಬಟ್ಟೆಯ ಮೇಲೆ ತಟ್ಟೆ ಜಾರುವುದಿಲ್ಲ.

‘ಜಾಗ ಹೆಚ್ಚು, ಜನ ಕಡಿಮೆ’ ಎಂದು ಹಲವರು ನೆನೆಯುತ್ತಾರೆ. ಇಲ್ಲಿ ಸ್ವಲ್ಪ ಜಾಗ್ರತೆ ಬೇಕು. ಟನ್ನೇಜ್ ಎಂಬುದು ತೂಕವಲ್ಲ, ಹಡಗಿನೊಳಗಿನ ಅವಕಾಶದ ಅಳತೆ. ಹಳೆಯ ಪದ್ಧತಿಯಲ್ಲಿ 100 ಘನ ಅಡಿಗೆ ಒಂದು ಟನ್. 22 ಸಾವಿರವನ್ನು 550ರಿಂದ ಭಾಗಿಸಿದರೆ ತಲೆಗೆ 40 ಬರುತ್ತದೆ. ಐದು ಸಾವಿರ ಮಂದಿಯ ಇಂದಿನ ಹಡಗುಗಳಲ್ಲೂ ಹೆಚ್ಚುಕಡಿಮೆ ಇದೇ ಸಂಖ್ಯೆ ಸಿಗುತ್ತದೆ. ಹಾಗಾದರೆ ವ್ಯತ್ಯಾಸ ಎಲ್ಲಿ? ಸರದಿ ಸಾಲಿನಲ್ಲಿ. ಬಂದರಿನ ಕಟ್ಟೆಗೆ ತಾಗದೆ ಲಂಗರು ಹಾಕಿ, ಟೆಂಡರ್ ದೋಣಿಗಳಲ್ಲಿ ದಡ ಸೇರಿಸುವ ಊರುಗಳಲ್ಲಿ ಇದು ಕಣ್ಣಿಗೆ ಕಾಣುತ್ತದೆ. ಒಂದು ದೋಣಿಗೆ 90 ಮಂದಿ, ಹೋಗಿಬರಲು ಅರ್ಧ ಗಂಟೆ, ಮೂರು ದೋಣಿ ಎಂದುಕೊಳ್ಳಿ. ಅರ್ಧ ಗಂಟೆಗೆ 270 ಮಂದಿ ಇಳಿಯುತ್ತಾರೆ. 550 ಮಂದಿಯ ಹಡಗು ಒಂದು ಗಂಟೆಯಲ್ಲಿ ಖಾಲಿ. ಮೂರು ಸಾವಿರದ ಹಡಗಿಗೆ ಅಷ್ಟೇ ದೋಣಿಯಾದರೆ ಐದೂವರೆ ಗಂಟೆ. ದೋಣಿ ಹೆಚ್ಚಿಸಿದರೂ ದಡದ ಕಟ್ಟೆಯಲ್ಲಿ ಒಮ್ಮೆಗೆ ಒಂದೆರಡೇ ತಾಗುವಷ್ಟು ಜಾಗ ಇರುವುದರಿಂದ ಸಾಲು ಕರಗುವುದಿಲ್ಲ.

ಟೆಂಡರ್ ಕೆಲಸ ನಿಂತುಹೋಗುವುದು ಬಹುತೇಕ ಗಾಳಿಯಿಂದಲ್ಲ, ದೂರದಿಂದ ಉರುಳಿ ಬರುವ ಅಲೆಯಿಂದ. ಹಡಗಿನ ಪಕ್ಕದ ಇಳಿಕಟ್ಟೆಗೂ ದೋಣಿಯ ಅಂಚಿಗೂ ನಡುವೆ ಏರಿಳಿತ ಒಂದು ಮೀಟರ್ ದಾಟಿತೆಂದರೆ ವಯಸ್ಸಾದವರನ್ನು ದಾಟಿಸುವುದು ಅಪಾಯ. ಆಗ ಒಳ್ಳೆಯ ಕ್ಯಾಪ್ಟನ್ ಪ್ರೊಪೆಲ್ಲರ್ ಮತ್ತು ಮುಂಬದಿಯ ಥ್ರಸ್ಟರ್ (ಹಡಗನ್ನು ಪಕ್ಕಕ್ಕೆ ತಳ್ಳುವ ಸಣ್ಣ ಪ್ರೊಪೆಲ್ಲರ್) ಬಳಸಿ ಹಡಗಿನ ಮೈಯನ್ನೇ ಅಲೆಗೆ ಓರೆಯಾಗಿ ಹಿಡಿಯುತ್ತಾನೆ. ಅಲೆ ಒಂದು ಪಕ್ಕಕ್ಕೆ ಬಡಿದು ಇನ್ನೊಂದು ಪಕ್ಕದಲ್ಲಿ ನೀರು ಶಾಂತವಾಗುತ್ತದೆ, ಇಳಿಸುವುದು ಆ ಪಕ್ಕದಿಂದ. ನಾರ್ವೆಯ ಗೈರಾಂಗರ್‌ನಂಥ ಕೊಲ್ಲಿಯಲ್ಲಿ ಅಲೆಯ ಕಾಟವಿಲ್ಲ, ಆದರೆ ಬೆಟ್ಟ ನೇರ ನೀರಿನೊಳಗಿಳಿದು ತಳ ಬಹಳ ಆಳ. ಲಂಗರು ಹಿಡಿಯುವುದು ಊರಿನ ಬಳಿಯ ಕೊನೆಯ ತುದಿಯಲ್ಲಿ ಮಾತ್ರ.

ಹೊಯ್ದಾಟದ ಬಗ್ಗೆಯೂ ಒಂದು ಮಾತು. ಹಳೆಯ ಹಡಗು ಎಂದರೆ ವಾಕರಿಕೆ ಎಂಬ ಭಯ ಹಲವರಿಗಿದೆ. ಈ ಮೂರಕ್ಕೂ ಪಕ್ಕದಿಂದ ಹೊರಚಾಚುವ ಸ್ಟೆಬಿಲೈಸರ್ ರೆಕ್ಕೆಗಳಿದ್ದವು. ರೆಕ್ಕೆ ಎಡಬಲದ ತೂಗಾಟವನ್ನು ತಡೆಯುತ್ತದೆ, ಹಿಂದುಮುಂದಿನ ಏರಿಳಿತವನ್ನಲ್ಲ. ಅದೂ ಹಡಗು ವೇಗದಲ್ಲಿದ್ದಾಗ ಮಾತ್ರ, ಏಕೆಂದರೆ ರೆಕ್ಕೆಯ ಮೇಲೆ ನೀರು ಹರಿದರೇ ಅದಕ್ಕೆ ಎತ್ತುವ ಬಲ. ಲಂಗರು ಹಾಕಿ ನಿಂತಾಗ ಅದು ಸುಮ್ಮನೆ ಚಾಚಿದ ಕಬ್ಬಿಣ. ಹಾಗಾಗಿ ಹೊಟ್ಟೆ ಸೂಕ್ಷ್ಮವಿದ್ದವರು ಯಾವ ಹಡಗಿನಲ್ಲಾದರೂ ಕೇಳಬೇಕಾದದ್ದು ಉದ್ದದ ನಡುಭಾಗದ, ನೀರಿನ ಮಟ್ಟಕ್ಕೆ ಹತ್ತಿರದ ಕ್ಯಾಬಿನ್. ಮೇಲಿನ ಡೆಕ್ಕಿನ ಮುಂಬದಿಯ ದುಬಾರಿ ಕ್ಯಾಬಿನ್ ಕೊಂಡು ಹಾಸಿಗೆ ಹಿಡಿದವರು ಬಹಳ ಮಂದಿ.

ಸುತ್ತುಬರುವ ತೇಗದ ಡೆಕ್ಕನ್ನು ಮರೆತರೆ ಈ ಪತ್ರ ಅಪೂರ್ಣ. ಉಕ್ಕಿನ ಡೆಕ್ಕಿಗೆ ಬೆಸೆದ ಬೋಲ್ಟುಗಳ ಮೇಲೆ ಹಲಗೆ ಕೂರಿಸಿ, ನಟ್ ಬಿಗಿದು, ಆ ಕುಳಿಯ ಮೇಲೆ ತೇಗದ್ದೇ ಗುಂಡುಬೆಣೆ ಹೊಡೆದು ಮುಚ್ಚುತ್ತಾರೆ. ಬೆಣೆಯ ಎಳೆ ಹಲಗೆಯ ಎಳೆಯ ದಿಕ್ಕಿಗೇ ಇರಬೇಕು, ಅಡ್ಡವಾದರೆ ಹಿಗ್ಗಿ ಕುಗ್ಗಿ ಎದ್ದುಬರುತ್ತದೆ. ಹಲಗೆಗಳ ನಡುವಿನ ಸಂದಿಗೆ ಕಪ್ಪು ಸೀಲಿಂಗ್ (ನೀರು ಇಳಿಯದಂತೆ ತಡೆಯುವ ಅಂಟು) ತುಂಬುತ್ತಾರೆ. ಬೆಳಗಿನ ಜಾವ ಡೆಕ್ ತೊಳೆಯುವಾಗ ಮೆತ್ತನೆಯ ಕುಂಚದಿಂದ ಎಳೆಗೆ ಅಡ್ಡಲಾಗಿ ಉಜ್ಜಬೇಕು, ಉಪ್ಪುನೀರು ಸಾಕು. ಎಳೆಯುದ್ದಕ್ಕೆ ಗಟ್ಟಿ ಕುಂಚ ಆಡಿಸಿದರೆ ಅಥವಾ ಯಂತ್ರದಿಂದ ಜೋರು ನೀರು ಬಿಟ್ಟರೆ ಮೆದು ಎಳೆ ಕಿತ್ತುಹೋಗಿ ಮೇಲ್ಮೈ ಏರುತಗ್ಗಾಗುತ್ತದೆ, ಸೀಲಿಂಗ್ ಒಂದು ಬದಿಯಿಂದ ಬಿಡುತ್ತದೆ. ಆ ಕೂದಲೆಳೆ ಬಿರುಕಿನಿಂದ ಇಳಿದ ನೀರು ಹಲಗೆಯಡಿ ನಿಂತು ಉಕ್ಕಿಗೆ ತುಕ್ಕು ಹಿಡಿಸುತ್ತದೆ. ತುಕ್ಕು ಉಬ್ಬಿದಂತೆ ಹಲಗೆ ಮೇಲೇಳುತ್ತದೆ. ರಿಪೇರಿ ಎಂದರೆ ಹಳೆಯ ಸೀಲಿಂಗ್ ಕೆರೆದು, ಪೂರ್ತಿ ಒಣಗಿಸಿ, ಸಂದಿಯ ತಳಕ್ಕೆ ಅಂಟದ ಪಟ್ಟಿ ಹಾಸಿ, ಹೊಸದನ್ನು ತುಂಬುವುದು. ತಳದ ಪಟ್ಟಿ ಯಾಕೆಂದರೆ ಸೀಲಿಂಗ್ ಎರಡು ಪಕ್ಕಕ್ಕೆ ಮಾತ್ರ ಅಂಟಿಕೊಂಡಿರಬೇಕು, ಮೂರು ಕಡೆ ಅಂಟಿದರೆ ಹಲಗೆ ಕುಗ್ಗಿ ಸಂದಿ ಅಗಲವಾದಾಗ ಹರಿಯುತ್ತದೆ. ಹೊಸ ಹಡಗುಗಳು ತೇಗದಂತೆ ಕಾಣುವ ಕೃತಕ ಹಾಸು ಹಾಕುತ್ತಿರುವುದು ಈ ದುಡಿಮೆಯನ್ನು ಉಳಿಸಲಿಕ್ಕೆ. ಬಿಸಿಲಲ್ಲಿ ಬರಿಗಾಲಿಟ್ಟರೆ ಎರಡರ ವ್ಯತ್ಯಾಸ ಕೂಡಲೇ ತಿಳಿಯುತ್ತದೆ.

ಇಂಥ ಲೆಕ್ಕ ಕೆಡಲು ಶುರುವಾದದ್ದು 1981ರಲ್ಲಿ ಎಂಬುದು ನಮ್ಮ ಅಭಿಪ್ರಾಯ. ಆ ವರ್ಷ ‘ಸ್ಟಾರ್’, ಮುಂದಿನ ವರ್ಷ ‘ಸ್ಕೈ’, 1983ರಲ್ಲಿ ‘ಸೀ’ ಜರ್ಮನಿಯ ಬ್ರೆಮರ್‌ಹಾಫನ್ ಯಾರ್ಡ್‌ಗೆ ಹೋಗಿ ತಲಾ 28 ಮೀಟರ್ ಉದ್ದವಾಗಿ ಬಂದವು. ಹಡಗನ್ನು ನಡುವೆ ಕತ್ತರಿಸಿ ಉದ್ದ ಮಾಡುವುದು ಹೇಗೆಂದು ಹಲವರು ಕೇಳುತ್ತಾರೆ. ಕ್ರಮ ಹೀಗೆ. ನಡುವಿನ ತುಂಡನ್ನು, ಕ್ಯಾಬಿನ್ನಿನ ಚೌಕಟ್ಟು ಸಮೇತ, ಹಡಗು ಬರುವ ಮೊದಲೇ ಕಟ್ಟಿಡುತ್ತಾರೆ. ಹಡಗು ಡ್ರೈಡಾಕಿಗೆ (ನೀರು ಬಸಿದು ಹಡಗನ್ನು ಒಣನೆಲದಲ್ಲಿ ಕೂರಿಸುವ ಕಟ್ಟೆಗೆ) ಬಂದ ಮೇಲೆ ಕತ್ತರಿಸುವ ಗೆರೆಯಲ್ಲಿ ಬರುವ ಪ್ರತಿ ಕೊಳವೆ, ಪ್ರತಿ ವಿದ್ಯುತ್ ತಂತಿ, ಪ್ರತಿ ಗಾಳಿಕೊಳವೆಗೆ ನಂಬರು ಚೀಟಿ ಕಟ್ಟಿ ಬಿಡಿಸುತ್ತಾರೆ. ಇಂಧನ ತೊಟ್ಟಿಗಳನ್ನು ಖಾಲಿ ಮಾಡಿ, ಒಳಗೆ ಉರಿಯುವ ಆವಿ ಇಲ್ಲವೆಂದು ಪರೀಕ್ಷಿಸಿದ ಮೇಲೆಯೇ ಉರಿಕತ್ತಿ ಹಚ್ಚುವುದು. ಉಕ್ಕನ್ನು ಸುತ್ತ ಕತ್ತರಿಸಿ, ಒಂದು ಭಾಗವನ್ನು ಸರಿಸಿ, ತೆರವಿನಲ್ಲಿ ಹೊಸ ತುಂಡನ್ನು ಕೂರಿಸಿ, ಮಿಲಿಮೀಟರ್ ಲೆಕ್ಕದಲ್ಲಿ ಸಾಲುಗೂಡಿಸಿ ಬೆಸೆಯುತ್ತಾರೆ. ಬೆಸುಗೆಯನ್ನು ಎಕ್ಸ್‌ರೇ ಹಿಡಿದು ನೋಡುತ್ತಾರೆ.

ಅಲ್ಲಿಗೂ ಮುಗಿಯುವುದಿಲ್ಲ. ಅಲೆಯ ನೆತ್ತಿ ಹಡಗಿನ ನಡುವಿಗೆ ಬಂದಾಗ ಎರಡು ತುದಿಗಳು ಇಳಿಬಿದ್ದು, ಎರಡೂ ಕಡೆ ಹೊರೆ ತೂಗಿದ ಅಡ್ಡೆಯಂತೆ ಹಡಗು ನಡುವಿನಲ್ಲಿ ಬಾಗುತ್ತದೆ, ಮೇಲಿನ ಡೆಕ್ ಎಳೆತಕ್ಕೆ ಸಿಕ್ಕುತ್ತದೆ. ಉದ್ದ ಹೆಚ್ಚಿದಂತೆ ಈ ಬಾಗುವ ಬಲ ಉದ್ದಕ್ಕಿಂತ ಬೇಗ ಏರುತ್ತದೆ. ಹಾಗಾಗಿ ಮೇಲ್ಡೆಕ್ಕಿನ ಅಂಚಿನುದ್ದಕ್ಕೂ ತಳದಲ್ಲೂ ಹೆಚ್ಚುವರಿ ಉಕ್ಕಿನ ಪಟ್ಟಿ ಬೆಸೆಯಬೇಕು. ವೇಗ ಮಾತ್ರ ಅಷ್ಟು ಕುಂದುವುದಿಲ್ಲ, ಏಕೆಂದರೆ ಉದ್ದನೆಯ ಹಡಗು ಅದೇ ವೇಗಕ್ಕೆ ಕಡಿಮೆ ಅಲೆ ಎಬ್ಬಿಸುತ್ತದೆ. ಎಂಜಿನಿಯರ್‌ಗಳ ಕಣ್ಣಿನಲ್ಲಿ ಮೂರೂ ಕೆಲಸ ಅಚ್ಚುಕಟ್ಟು. ಟನ್ನೇಜ್ 28 ಸಾವಿರಕ್ಕೆ ಏರಿತು, ಪ್ರಯಾಣಿಕರು 700 ದಾಟಿದರು. ಊಟದ ಕೋಣೆಯನ್ನೂ ಹಿಗ್ಗಿಸಿ ಒಂದೇ ಪಂಕ್ತಿಯನ್ನು ಉಳಿಸಿಕೊಂಡದ್ದು ಆ ಲೈನಿನ ದೊಡ್ಡತನ. ಆದರೆ ಮೆಟ್ಟಿಲು, ಲಿಫ್ಟು, ಇಳಿಯುವ ಬಾಗಿಲು, ಟೆಂಡರ್ ಸರದಿ ಎಲ್ಲದರ ಮೇಲೂ ನೂರೈವತ್ತಕ್ಕೂ ಹೆಚ್ಚು ಮಂದಿಯ ಭಾರ ಬಿತ್ತು. ಮೊದಲಿನ ಹಡಗಿನ ಗೆಳೆತನ ಹೋಯಿತು ಎಂದು ಹಳೆಯ ಪ್ರಯಾಣಿಕರು ಅಂದರೆ ಅದು ಬರಿಯ ಗೊಣಗಾಟವಲ್ಲ.

ನೆನಪು ಬರೆಯುವವರಿಗೆ ಇದರಿಂದ ಒಂದು ಸೂಚನೆ. ಒಂದೇ ಹೆಸರಿನ ಹಡಗಾದರೂ ಉದ್ದವಾಗುವ ಮುಂಚಿನದ್ದು ಬೇರೆ, ಆಮೇಲಿನದ್ದು ಬೇರೆ. ಒಬ್ಬರು ‘ಚಿಕ್ಕದು’ ಎಂದು, ಇನ್ನೊಬ್ಬರು ‘ವಿಶಾಲ’ ಎಂದು ಬರೆದರೆ ಇಬ್ಬರೂ ಸರಿಯಿರಬಹುದು. ಪಯಣದ ವರ್ಷ ಹಾಕದ ನೆನಪಿನಿಂದ ಯಾರಿಗೂ ಉಪಯೋಗವಿಲ್ಲ.

ಮುಂದಿನದ್ದು ಬೇಗ ಹೇಳಬಹುದು. 1984ರಲ್ಲಿ ಲೈನ್ ಕ್ಲೋಸ್ಟರ್ ಕಂಪನಿಯ ಪಾಲಾಯಿತು. ಟೈಟಸ್ 1987ರಲ್ಲಿ ಹೊರಬಂದು ಸೀಬೋರ್ನ್ ಲೈನ್ ಕಟ್ಟಿದರು. 38 ಸಾವಿರ ಟನ್ನಿನ, 740 ಪ್ರಯಾಣಿಕರ ‘ರಾಯಲ್ ವೈಕಿಂಗ್ ಸನ್’ 1988ರಲ್ಲಿ ಬಂತು, ಪುಟ್ಟ ‘ರಾಯಲ್ ವೈಕಿಂಗ್ ಕ್ವೀನ್’ 1992ರಲ್ಲಿ. ಅಷ್ಟರಲ್ಲಿ ಹಳೆಯ ಮೂರನ್ನೂ ಕಂಪನಿಯ ಬೇರೆ ಶಾಖೆಗಳಿಗೆ ಹಂಚಿಯಾಗಿತ್ತು. 1994ರಲ್ಲಿ ‘ಸನ್’ ಹಡಗೂ ಲೈನಿನ ಹೆಸರೂ ಬ್ರಿಟನ್ನಿನ ಹಡಗು ಕಂಪನಿ ಕ್ಯೂನಾರ್ಡ್‌ಗೆ ಮಾರಾಟವಾದವು. ಲೈನಿನ ಆಯುಷ್ಯ 22 ವರ್ಷ.

ಹಡಗುಗಳು ಮಾತ್ರ ಇನ್ನೂ ಬಹಳ ಕಾಲ ಬದುಕಿದವು, ಹೆಸರು ಬದಲಿಸುತ್ತ ಬದಲಿಸುತ್ತ. ‘ಸ್ಟಾರ್’ ಮುಂದೆ ‘ವೆಸ್ಟ್‌ವರ್ಡ್’, ‘ಸ್ಟಾರ್ ಒಡಿಸ್ಸಿ’, ಆಮೇಲೆ ‘ಬ್ಲ್ಯಾಕ್ ವಾಚ್’. ‘ಸೀ’ ಮುಂದೆ ‘ರಾಯಲ್ ಒಡಿಸ್ಸಿ’, ‘ನಾರ್ವೇಜಿಯನ್ ಸ್ಟಾರ್’, ಆಮೇಲೆ ‘ಆಲ್ಬಟ್ರೋಸ್’. ಎಲ್ಲಕ್ಕಿಂತ ಅಲೆದಾಡಿದ್ದು ‘ಸ್ಕೈ’. ‘ಸನ್‌ವರ್ಡ್’, ‘ಬಿರ್ಕಾ ಕ್ವೀನ್’, ‘ಗೋಲ್ಡನ್ ಪ್ರಿನ್ಸೆಸ್’, ‘ಸೂಪರ್‌ಸ್ಟಾರ್ ಕ್ಯಾಪ್ರಿಕಾರ್ನ್’ ಆಗಿ, 1998ರಲ್ಲಿ ‘ಹ್ಯುಂಡೈ ಕುಮ್ಗಾಂಗ್’ ಎಂಬ ಹೆಸರಿನಲ್ಲಿ ದಕ್ಷಿಣ ಕೊರಿಯಾದ ಪ್ರವಾಸಿಗರನ್ನು ಉತ್ತರ ಕೊರಿಯಾದ ಕುಮ್ಗಾಂಗ್ ಬೆಟ್ಟಕ್ಕೆ ಒಯ್ದ ಹಡಗು ಇದೇ. ಪ್ರವಾಸಿ ಹಡಗಾಗಿ ಕೊನೆಯ ಹೆಸರು ‘ಬೌಡಿಕಾ’. ಹಳೆಯ ಪ್ರವಾಸಿ ಹಡಗುಗಳಲ್ಲಿ ಅನೇಕವನ್ನು ಮೂಲೆಗೆ ತಳ್ಳಿದ್ದು 2010ರ ಅಕ್ಟೋಬರ್ 1ರಿಂದ ಬಿಗಿಯಾದ ಬೆಂಕಿ ಸುರಕ್ಷತಾ ನಿಯಮ, ಉರಿಯಬಲ್ಲ ಮರದ ಗೋಡೆ ಚಾವಣಿಗಳನ್ನು ಅದು ಒಪ್ಪಲಿಲ್ಲ. ಈ ಮೂರು ಅದನ್ನೂ ದಾಟಿ ಓಡಿದವು. 2020ರ ಸಾಂಕ್ರಾಮಿಕವನ್ನು ದಾಟಲಿಲ್ಲ. ‘ಸನ್’ 2019ರಿಂದ ‘ಅಮೇರಾ’ ಹೆಸರಿನಲ್ಲಿ ಜರ್ಮನ್ ಪ್ರವಾಸಿಗರ ಹಡಗಾಯಿತು.

ಇಷ್ಟು ಹೆಸರುಗಳ ನಡುವೆ ಒಂದು ಹಡಗನ್ನು ಹಿಡಿದಿಡುವುದು ಅದರ ಐಎಂಒ (ಅಂತರರಾಷ್ಟ್ರೀಯ ಸಾಗರ ಸಂಸ್ಥೆ) ಸಂಖ್ಯೆ. ಏಳು ಅಂಕಿ, ಹುಟ್ಟಿನಿಂದ ಒಡೆಯುವವರೆಗೆ ಬದಲಾಗದು. ಹೆಸರು, ಧ್ವಜ, ಮಾಲೀಕ ಯಾರಾದರೂ ಆಗಲಿ. ‘ಸ್ಟಾರ್’ 7108930, ‘ಸ್ಕೈ’ 7218395, ‘ಸೀ’ 7304314, ‘ಸನ್’ 8700280. ಆ ಕಾಲದ ಸಂಖ್ಯೆಗಳಲ್ಲಿ ಮೊದಲ ಎರಡು ಅಂಕಿ ಸಾಮಾನ್ಯವಾಗಿ ಸಂಖ್ಯೆ ಕೊಟ್ಟ ವರ್ಷವನ್ನು ಹೇಳುತ್ತವೆ. ಬರೆದುಕೊಂಡದ್ದು ಸರಿಯೇ ಎಂದು ಪರೀಕ್ಷಿಸಲು ಸುಲಭದ ದಾರಿಯಿದೆ. ಮೊದಲ ಆರು ಅಂಕಿಗಳನ್ನು ಕ್ರಮವಾಗಿ 7, 6, 5, 4, 3, 2ರಿಂದ ಗುಣಿಸಿ ಕೂಡಿಸಿ. ಮೊತ್ತದ ಕೊನೆಯ ಅಂಕಿ ಏಳನೆಯ ಅಂಕಿಗೆ ಸಮ ಬರಬೇಕು. ‘ಸೀ’ ಹಡಗಿಗೆ 49, 18, 0, 16, 9, 2 ಕೂಡಿಸಿದರೆ 94. ಕೊನೆಯ ಅಂಕಿ 4, ಸಂಖ್ಯೆಯ ಕೊನೆಯದೂ 4. ಒಂದು ಅಂಕಿ ತಪ್ಪಿದರೂ ಹೆಚ್ಚಿನ ಸಲ ಇಲ್ಲೇ ಸಿಕ್ಕಿಬೀಳುತ್ತದೆ. ಈ ಸಂಖ್ಯೆಯನ್ನು ಹಡಗಿನ ಮೈಮೇಲೆ ಶಾಶ್ವತವಾಗಿ ಬರೆದಿರಬೇಕೆಂಬ ನಿಯಮ 2004ರಿಂದ ಇದೆ. ಪ್ರಯಾಣಿಕ ಹಡಗಾದರೆ ಆಕಾಶದಿಂದ ಕಾಣುವಂತೆ ಸಮತಟ್ಟಾದ ಜಾಗದಲ್ಲೂ ಇರಬೇಕು.

ಒಡೆಯುವ ಹಡಗಿನ ಮಟ್ಟಿಗೆ ಇದು ಇನ್ನೂ ಮುಖ್ಯ, ಏಕೆಂದರೆ ಕೊನೆಯ ಪಯಣಕ್ಕೆ ಹೆಸರನ್ನೇ ಮೊಟಕು ಮಾಡುವುದುಂಟು. ಬಣ್ಣದವನು ಕೆಲವು ಅಕ್ಷರ ಬಳಿದು ಅಳಿಸುತ್ತಾನೆ, ಉಳಿದದ್ದೇ ಹೊಸ ಹೆಸರು. 2020ರಲ್ಲಿ ಮುಚ್ಚಿದ ಕ್ರೂಸ್ ಅಂಡ್ ಮ್ಯಾರಿಟೈಮ್ ವಾಯೇಜಸ್ ಲೈನಿನ ‘ಕೊಲಂಬಸ್’ ಮರುವರ್ಷ ಅಲಂಗ್‌ಗೆ ‘ಕೋಲಸ್’ ಆಗಿ ಬಂತು, ‘ಮೆಜೆಲನ್’ ಬಂದದ್ದು ‘ಮೇಜಸ್’ ಆಗಿ. ಹೀಗಿರುವಾಗ ಕೊನೆಯ ಹೆಸರನ್ನಷ್ಟೇ ಅಚ್ಚು ಹಾಕಿದರೆ ಓದುಗನಿಗೆ ಏನೂ ಹೇಳಿದಂತಾಗುವುದಿಲ್ಲ. ನಿಮ್ಮ ವರದಿಗಾರರು ಐಎಂಒ ಸಂಖ್ಯೆ, ಕಟ್ಟಿದ ವರ್ಷ, ಮೊದಲ ಹೆಸರು ಈ ಮೂರನ್ನು ಸೇರಿಸಲಿ. ಅರ್ಧ ಸಾಲು ಸಾಕು. ಬಂದರಿನ ದಾಖಲೆಯಲ್ಲಿ ಸಂಖ್ಯೆ ಇದ್ದೇ ಇರುತ್ತದೆ, ಸಂಖ್ಯೆ ಸಿಕ್ಕರೆ ಉಳಿದದ್ದು ಸಿಗುತ್ತದೆ.

ಓದುಗರಲ್ಲೂ ಒಂದು ಬಿನ್ನಹ. ಮನೆಯಲ್ಲಿ ಈ ಲೈನಿನ ಅಥವಾ ಇಂಥ ಯಾವುದೇ ಮುಚ್ಚಿಹೋದ ಲೈನಿನ ಮೆನು, ದಿನದ ಕಾರ್ಯಕ್ರಮಪಟ್ಟಿ, ಡೆಕ್ ನಕ್ಷೆ, ಸ್ಲೈಡುಗಳಿದ್ದರೆ ರದ್ದಿಗೆ ಹಾಕಬೇಡಿ. ಬೆಳ್ಳಿ ಚಮಚಕ್ಕಿಂತ ಬೆಲೆಬಾಳುವುದು ಡೆಕ್ ನಕ್ಷೆ ಮತ್ತು ದಿನಪಟ್ಟಿ. ಯಾವ ಕೋಣೆ ಎಲ್ಲಿತ್ತು, ಊಟ ಎಷ್ಟು ಹೊತ್ತಿಗೆ, ಟೆಂಡರ್ ಯಾವಾಗ ಶುರು, ಗಡಿಯಾರ ಯಾವ ರಾತ್ರಿ ಹಿಂದಕ್ಕೆ ಎಂಬುದೆಲ್ಲ ಅಲ್ಲಿದೆ, ಬೇರೆಲ್ಲೂ ಇಲ್ಲ.

ಉಳಿಸುವ ಬಗೆ ಕಷ್ಟದ್ದಲ್ಲ. ಮೊದಲು ಸ್ಟೇಪಲ್ ಪಿನ್ನುಗಳನ್ನು ತೆಗೆಯಿರಿ, ಕಾಲುಗಳನ್ನು ಹಿಂದಿನಿಂದ ನೇರ ಮಾಡಿ ಎಳೆಯಬೇಕು, ಮೇಲಿನಿಂದ ಕಿತ್ತರೆ ಕಾಗದ ಹರಿಯುತ್ತದೆ. ಪಿನ್ನಿನ ತುಕ್ಕು ತೇವದ ಋತುವಿನಲ್ಲಿ ಪುಟದಿಂದ ಪುಟಕ್ಕೆ ಇಳಿಯುತ್ತದೆ. ಮಡಿಕೆ ಬಿಡಿಸಿ ಚಪ್ಪಟೆಯಾಗಿಡಿ. ಲ್ಯಾಮಿನೇಟ್ ಮಾಡಲೇಬೇಡಿ, ಆ ಬಿಸಿ ಅಂಟನ್ನು ಮತ್ತೆ ಬಿಡಿಸಲಾಗದು. ಪಿವಿಸಿ ಹಾಳೆಚೀಲಗಳೂ ಬೇಡ, ಅವು ಕಾಲಕ್ರಮೇಣ ಜಿಗುಟಾಗಿ ಅಚ್ಚಿನ ಶಾಯಿಯನ್ನು ಎತ್ತಿಕೊಳ್ಳುತ್ತವೆ. ಪಾಲಿಯೆಸ್ಟರ್ ಚೀಲ ಅಥವಾ ಆಮ್ಲರಹಿತ ಕಾಗದದ ಲಕೋಟೆ ಸರಿ. ಅಂಟು ಪುಟದ ಹಳೆಯ ಆಲ್ಬಮ್‌ನಲ್ಲಿ ಫೋಟೊ ಕಚ್ಚಿಕೊಂಡಿದ್ದರೆ ಹಲ್ಲಿನ ಸಂದಿಗೆ ಬಳಸುವ ದಾರವನ್ನು ಫೋಟೊ ಹಿಂದೆ ಮೆಲ್ಲನೆ ಗರಗಸದಂತೆ ಆಡಿಸಿ ಬಿಡಿಸಬಹುದು. ಕೊಡಕ್ರೋಮ್ ಸ್ಲೈಡು ಕತ್ತಲಲ್ಲಿಟ್ಟರೆ ದಶಕಗಳ ಕಾಲ ಬಣ್ಣ ಬಿಡುವುದಿಲ್ಲ, ಪ್ರೊಜೆಕ್ಟರಿನ ಬೆಳಕಿಗೆ ಮಾತ್ರ ಬೇಗ ಮಾಸುತ್ತದೆ. ಹಾಗಾಗಿ ಒಮ್ಮೆ ಸ್ಕ್ಯಾನ್ ಮಾಡಿ, ಆಮೇಲೆ ಸ್ಕ್ಯಾನ್ ಪ್ರತಿಯನ್ನೇ ತೋರಿಸಿ. ಸೂಪರ್ 8 ಎಂಬ ಹಳೆಯ ಮನೆಸಿನಿಮಾ ಫಿಲ್ಮ್ ಸುರುಳಿಯ ಡಬ್ಬಿ ತೆರೆದಾಗ ಹುಳಿ ವಿನಿಗರ್ ವಾಸನೆ ಬಂದರೆ ಫಿಲ್ಮ್ ಕೊಳೆಯಲು ಶುರುವಾಗಿದೆ ಎಂದರ್ಥ. ಅದನ್ನು ಬೇರೆ ಸುರುಳಿಗಳಿಂದ ದೂರವಿಟ್ಟು ಮೊದಲು ಅದನ್ನೇ ನಕಲು ಮಾಡಿಸಿ. ಕಾಗದಗಳನ್ನು 300ರಿಂದ 600 ಡಿಪಿಐಗೆ (ಇಂಚಿಗೆ ಅಷ್ಟು ಚುಕ್ಕೆ) ಸ್ಕ್ಯಾನ್ ಮಾಡಿದರೆ ಸಾಕು, ಡೆಕ್ ನಕ್ಷೆಯ ಸಣ್ಣ ಅಕ್ಷರಗಳಿಗೆ 600 ಬೇಕು.

ಪ್ರತಿ ಹಾಳೆಯ ಹಿಂಬದಿಯ ಅಂಚಿನಲ್ಲಿ ಮೆತ್ತನೆಯ 2ಬಿ ಪೆನ್ಸಿಲ್‌ನಿಂದ ಹಡಗಿನ ಹೆಸರು, ಐಎಂಒ ಸಂಖ್ಯೆ, ತಾರೀಖು, ಬಂದರು ಬರೆಯಿರಿ. ಬಾಲ್‌ಪೆನ್ ಬೇಡ, ಅದರ ಗೀರು ಮುಂಬದಿಗೆ ಉಬ್ಬುತ್ತದೆ. ಫೋಟೊದಲ್ಲಿರುವ ಸಿಬ್ಬಂದಿಯ ಕೆಲಸ ಏನಿತ್ತು ಎಂಬುದನ್ನೂ ಬರೆಯಿರಿ. ಕ್ಯಾಪ್ಟನ್ ಹೆಸರು ದಾಖಲೆಯಲ್ಲಿ ಸಿಗುತ್ತದೆ, ಬೆಳಗ್ಗೆ ಡೆಕ್ ಉಜ್ಜಿದವರದ್ದು ಸಿಗುವುದಿಲ್ಲ. ವಸ್ತುಸಂಗ್ರಹಾಲಯಕ್ಕೆ ಕೊಡುವ ಮನಸ್ಸಿದ್ದರೆ ಕಟ್ಟನ್ನು ನೇರ ಅಂಚೆಗೆ ಹಾಕದೆ, ಮೊದಲು ಪಟ್ಟಿ ಕಳಿಸಿ ಕೇಳಿ. ಅವರಲ್ಲಿ ಆಗಲೇ ಇರುವ ಮೆನುವಿಗೆ ಜಾಗ ಸಿಗದಿರಬಹುದು, ನೀವು ಲೆಕ್ಕಕ್ಕಿಟ್ಟಿರದ ಟೆಂಡರ್ ಚೀಟಿಯನ್ನು ಅವರು ಕೇಳಿ ತರಿಸಿಕೊಳ್ಳಬಹುದು.

ಇಂತಿ,
ಹಳೆಯ ಪ್ರವಾಸಿ ಹಡಗುಗಳ ಕೆಲವು ಆಸಕ್ತರು